ಕಸ ಎತ್ತಿದರೂ ಅಂಕ: ಆಟದ ಉದ್ದೇಶ ಕುರಿತು

ಆಟಕ್ಕೆ ಆಟದಾಚೆಗಿನ ಉದ್ದೇಶ ಇರಬಹುದೇ ಎಂಬ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಒಮ್ಮತವಿಲ್ಲ. ಸೃಷ್ಟಿಯನ್ನು ಲೀಲೆ ಎನ್ನುವ ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆದ ಶಂಕರರು, ಬಯಸಿದ್ದೆಲ್ಲ ಕೈಗೂಡಿದ ರಾಜ ಯಾವ ಪ್ರಯೋಜನವನ್ನೂ ಕೋರದೆ ಕ್ರೀಡೆಯಲ್ಲಿ ತೊಡಗುವ ದೃಷ್ಟಾಂತ ಕೊಡುತ್ತಾರೆ. ಡಚ್ ಇತಿಹಾಸಕಾರ ಯೋಹಾನ್ ಹೌಸಿಂಗಾ 1938ರ ‘ಹೋಮೊ ಲುಡೆನ್ಸ್’ ಕೃತಿಯಲ್ಲಿ ಆಟವನ್ನು ಲಾಭನಷ್ಟದ ಲೆಕ್ಕದಿಂದ ಹೊರಗಿಟ್ಟ. ಅರಿಸ್ಟಾಟಲನ ನಿಲುವು ಬೇರೆ: ದಣಿವಾರಿಸಿಕೊಂಡು ಮತ್ತೆ ಕೆಲಸಕ್ಕೆ ಇಳಿಯಲು ಆಟ ಬೇಕು. ಶಂಕರರ ದೃಷ್ಟಾಂತದಲ್ಲಿ ಒಂದು ಸಂಗತಿ ಸುಲಭವಾಗಿ ಕಣ್ತಪ್ಪುತ್ತದೆ. ಆ ರಾಜನಿಗೆ ಬೇಕಾದ್ದೆಲ್ಲ ಮೊದಲೇ ಇದೆ. ಏನೂ ಇಲ್ಲದವರ ಆಟಕ್ಕೂ ಈ ಮಾತು ಸಲ್ಲುತ್ತದೆಯೇ?

ಕೀನ್ಯಾದ ರಾಜಧಾನಿ ನೈರೋಬಿಯ ಮಥಾರೆ ಕಣಿವೆ ತಗಡಿನ ಗುಡಿಸಲುಗಳು ಒತ್ತೊತ್ತಾಗಿ ಎದ್ದ ಕೊಳೆಗೇರಿ. ಅಲ್ಲಿನ ಮಕ್ಕಳು ಪ್ಲಾಸ್ಟಿಕ್ ಚೀಲಗಳನ್ನು ಉಂಡೆಮಾಡಿ, ದಾರ ಬಿಗಿದು, ಚೆಂಡು ಮಾಡಿಕೊಂಡು ಆಡುತ್ತಿದ್ದರು. ಕಸ ಎತ್ತುವವರಿಲ್ಲದೆ ಚರಂಡಿಗಳು ಕಟ್ಟಿಕೊಂಡು ರೋಗ ಹರಡುತ್ತಿತ್ತು. 1987ರಲ್ಲಿ ಕೆನಡಾ ಮೂಲದ ಅಭಿವೃದ್ಧಿ ಸಲಹೆಗಾರ ಬಾಬ್ ಮನ್ರೊ ಸ್ಥಳೀಯ ಯುವಕರೊಡನೆ ಸೇರಿ ಇಲ್ಲಿ ಫುಟ್‌ಬಾಲ್ ಲೀಗ್ ಆರಂಭಿಸಿದರು. ಅದೇ ಮಥಾರೆ ಯುವ ಕ್ರೀಡಾ ಸಂಘ. ಆಡಬೇಕಾದರೆ ಕೇರಿಗೂ ಏನಾದರೂ ಮಾಡಬೇಕು ಎಂಬುದು ಅದರ ಷರತ್ತು. ತಂಡಗಳು ಸಲಿಕೆ ಹಿಡಿದು ಚರಂಡಿ ಬಿಡಿಸಿ ಕಸ ಸಾಗಿಸಬೇಕಿತ್ತು. ಪಂದ್ಯ ಗೆದ್ದರೆ ಮೂರು ಅಂಕ, ಶುಚಿ ಕೆಲಸ ಮುಗಿಸಿದರೆ ಆರು ಅಂಕ ಎಂಬುದು ಲೀಗಿನ ಪ್ರಸಿದ್ಧ ನಿಯಮವಾಯಿತು.

ಆಟದ ಆಸೆ ತೋರಿಸಿ ಬಡ ಮಕ್ಕಳಿಂದ ದುಡಿಸಿಕೊಂಡಂತಾಯಿತಲ್ಲವೇ ಎಂಬ ಆಕ್ಷೇಪ ಇಲ್ಲಿ ಸಹಜ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು ಎಂದ ಕಾಂಟ್‌ನ ಮಾತು ನೆನಪಾಗುತ್ತದೆ. ಆದರೆ ಆ ಅಂಕಗಳ ಬಗೆ ಗಮನಾರ್ಹ. ಕೂಲಿ ಕೊಟ್ಟಿದ್ದರೆ ಕಸದ ಕೆಲಸ ಆಟದಿಂದ ಹೊರಗೆ ಉಳಿಯುತ್ತಿತ್ತು. ಅಂಕ ಕೊಟ್ಟಿದ್ದರಿಂದ ಅದು ಆಟದೊಳಗೇ ಬಂತು. ಆಫ್‌ಸೈಡ್ ನಿಯಮವನ್ನು ಆಟಗಾರ ಒಪ್ಪುವುದು ಅದಿಲ್ಲದೆ ಆ ಆಟವೇ ಇಲ್ಲವೆಂದು. ಶುಚಿ ಕೆಲಸವೂ ಅಂಥದೇ ನಿಯಮವಾಯಿತು. ಇದೇ ಬಗೆಯ ಇನ್ನೊಂದು ಕಟ್ಟಳೆ, ಬಹುಶಃ ಹೆಚ್ಚು ಜಾಣತನದ್ದು, ಕೆಂಪು ಕಾರ್ಡಿಗೆ ಸಂಬಂಧಿಸಿದ್ದು: ಅದನ್ನು ಪಡೆದವನು ಕಿರಿಯರ ಪಂದ್ಯಗಳಲ್ಲಿ ರೆಫರಿಯಾಗಿ ಸೀಟಿ ಊದಿದ ಮೇಲೆಯೇ ಮತ್ತೆ ಆಡಬಹುದು. ನಿಯಮ ಮುರಿದವನ ಕೈಗೇ ನಿಯಮ ಕಾಯುವ ಕೆಲಸ! ಒಳ್ಳೆಯ ನಡವಳಿಕೆಗೆ ಹಸಿರು ಕಾರ್ಡೂ ಇತ್ತು.

ಸಂಘದ ಆಡಳಿತವೂ ಬಹುಪಾಲು ಯುವಜನರದೇ. ಬಡಾವಣೆ ಮಟ್ಟದ ಸಮಿತಿಗಳನ್ನು ಅವರೇ ಚುನಾಯಿಸುತ್ತಿದ್ದರು. ಕಾಂಟ್‌ನ ಆಕ್ಷೇಪಕ್ಕೆ ನಿಜವಾದ ಉತ್ತರ ಸಿಗುವುದು ಅಂಕಪಟ್ಟಿಗಿಂತ ಹೆಚ್ಚಾಗಿ ಇಲ್ಲಿ, ಏಕೆಂದರೆ ನಿಯಮ ಪಾಲಿಸುವವರಿಗೇ ನಿಯಮ ಮಾಡುವುದರಲ್ಲೂ ಪಾಲು ಸಿಕ್ಕಿತು. ಹುಡುಗಿಯರ ಫುಟ್‌ಬಾಲ್ ಶುರುವಾದದ್ದು ಮಾತ್ರ 1992ರಲ್ಲಿ. ಮನೆಗೆಲಸ, ತಮ್ಮ ತಂಗಿಯರ ಪಾಲನೆ ಮುಗಿದ ಮೇಲಷ್ಟೇ ಬಿಡುವು ಪಡೆಯುವವರ ಮುಂದೆ ‘ಆಟ ಸ್ವತಂತ್ರ ಚಟುವಟಿಕೆ’ ಎಂಬ ಹೌಸಿಂಗಾನ ವ್ಯಾಖ್ಯಾನ ಸ್ವಲ್ಪ ಪೇಲವವಾಗಿಯೇ ಕಾಣುತ್ತದೆ.

ಇಷ್ಟಾದರೂ ಒಂದು ತೊಡಕು ಬಗೆಹರಿಯುವುದಿಲ್ಲ. ಕಸ ಸಾಗಿಸುವುದು ನಗರಾಡಳಿತದ ಹೊಣೆ. ಮಕ್ಕಳು ಅದನ್ನು ಹೊತ್ತುಕೊಂಡಾಗ ಅವರ ಪೌರಪ್ರಜ್ಞೆಯೇನೋ ಬೆಳೆಯುತ್ತದೆ, ಜೊತೆಗೇ ಹೊಣೆಗೇಡಿ ಆಡಳಿತಕ್ಕೆ ನೆಮ್ಮದಿಯೂ ಸಿಗುತ್ತದೆ. ಸಿರಿವಂತರ ಬಡಾವಣೆಯ ಮಕ್ಕಳನ್ನು ಆಟಕ್ಕೆ ಮುನ್ನ ಚರಂಡಿ ಬಳಿದಿರಾ ಎಂದು ಯಾರೂ ಕೇಳುವುದಿಲ್ಲ. ಸಂಘದ ನಿಯಮ ನ್ಯಾಯವೆನಿಸುವುದು ಕೇರಿಯ ಒಳಗೆ. ಊರನ್ನೆಲ್ಲ ಲೆಕ್ಕಕ್ಕೆ ತಂದರೆ ತಾರತಮ್ಯ ಹಾಗೆಯೇ ಉಳಿಯುತ್ತದೆ.

1994ರಲ್ಲಿ ಸಂಘದಿಂದ ‘ಮಥಾರೆ ಯುನೈಟೆಡ್’ ತಂಡ ಹುಟ್ಟಿತು. 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗ್ ಗೆದ್ದಿತು. ಅದರ ಆಟಗಾರರಿಗೂ ಸಮುದಾಯ ಸೇವೆಯ ಷರತ್ತಿತ್ತು. ಆಟದಿಂದಲೇ ಹೊಟ್ಟೆ ಹೊರೆಯುವವನಿಗೆ ಆ ಷರತ್ತು ಉದ್ಯೋಗದ ಕರಾರಿನಂತೆ ಕಾಣಬಹುದು, ಕೇರಿಯ ಲೀಗಿನ ಹುಡುಗನಿಗೆ ಕಂಡಂತೆ ಆಟದ ನಿಯಮವಾಗಿ ಅಲ್ಲ.