ಖೋಲಿಯೊಳಗಿನ ಗೋಪುರ

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಮನೆಗಳಿಗಿಂತ ಕೋಚಿಂಗ್ ಸೆಂಟರುಗಳ ಬೋರ್ಡೇ ಮೊದಲು ಕಣ್ಣಿಗೆ ಬೀಳುತ್ತದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಊರೂರಿನಿಂದ ಬಂದ ಹುಡುಗ ಹುಡುಗಿಯರು ಒಂದೊಂದು ಖೋಲಿ ಹಂಚಿಕೊಂಡು ಓದುತ್ತಾರೆ. ಅವರ ಸುಖಗಳೂ ಖೋಲಿಯ ಅಳತೆಗೆ ತಕ್ಕವೇ. ಸಂಜೆ ಗಾಡಿಯ ಮುಂದೆ ನಿಂತು ತಿನ್ನುವ ಗಿರ್ಮಿಟ್ಟು, ಮಿರ್ಚಿ. ಊರಿನ ಬಸ್ಸಿನಲ್ಲಿ ಬಂದಿಳಿಯುವ ಖಡಕ್ ರೊಟ್ಟಿಯ ಗಂಟು, ಜೊತೆಗೆ ಶೇಂಗಾ ಚಟ್ನಿ. ತಿಂದು ಕೈ ತೊಳೆದರೆ ಮತ್ತೆ ಭಾರತದ ಸಂವಿಧಾನ.

ಅಲ್ಲೇ ಓದುತ್ತಿರುವ ನನ್ನ ಅಣ್ಣನ ಮಗಳು ಈಚೆಗೆ ಕಸೂತಿ ಹಿಡಿದಿದ್ದಾಳೆ. ಮನೆಯೊಡತಿ ಅಜ್ಜಿ ಕಲಿಸಿದ್ದು. ಒಂದು ತುಂಡು ಮ್ಯಾಟಿ ಬಟ್ಟೆ, ಒಂದು ಸೂಜಿ, ಒಂದಿಷ್ಟು ಬಣ್ಣದ ದಾರ, ಇಷ್ಟೇ ಬಂಡವಾಳ.

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ನವಿಲು ಎಲ್ಲ ಮೂಡಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಅವಳು ಮೊದಲು ಕಲಿತದ್ದು ಗವಂತಿ. ಒಂದು ಬಿಟ್ಟು ಒಂದರಂತೆ ಹೊಲಿಗೆ ಹಾಕುತ್ತ ಸೂಜಿ ಮುಂದೆ ಹೋಗುತ್ತದೆ. ತುದಿ ಮುಟ್ಟಿದಾಗ ಕಾಣುವುದು ಅಲ್ಲಲ್ಲಿ ಕಡಿದ ಗೆರೆ ಮಾತ್ರ. ಅದೇ ದಾರಿಯಲ್ಲಿ ಹಿಂತಿರುಗುವಾಗ ಬಿಟ್ಟ ಜಾಗಗಳೆಲ್ಲ ತುಂಬಿ ಗೆರೆ ಕೂಡುತ್ತದೆ, ಅದೂ ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ಥರ. ದಾರಕ್ಕೆ ಗಂಟು ಹಾಕುವಂತಿಲ್ಲ, ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಅಜ್ಜಿ ಪರೀಕ್ಷೆ ಮಾಡುವುದು ಬಟ್ಟೆಯ ಹಿಂಬದಿಯನ್ನೇ.

ಒಂದೆಳೆ ಎಣಿಕೆ ತಪ್ಪಿದರೂ ಗೋಪುರದ ಕಳಸ ಪಕ್ಕಕ್ಕೆ ಸರಿಯುತ್ತದೆ. ‘ತಪ್ಪಿದ್ರ ಏನ್ ಮಾಡ್ತಿ?’ ಎಂದು ಕೇಳಿದೆ.

‘ಬಿಚ್ಚೂದು ಕಾಕಾ, ಮತ್ತ ಎಣಿಸೂದು. ಕೀ ಆನ್ಸರ್ ಬರೂ ತನಕಾ ಕಾಯೂದೇನಿಲ್ಲಲ್ಲ.’

ಈ ಮಕ್ಕಳ ಬದುಕೆಲ್ಲ ಕಾಯುವುದರಲ್ಲೇ ಇದೆ. ಅಧಿಸೂಚನೆಗೆ, ಹಾಲ್ ಟಿಕೆಟ್ಟಿಗೆ, ಕೀ ಉತ್ತರಕ್ಕೆ, ಅದರ ಮೇಲಿನ ಆಕ್ಷೇಪಣೆಗೆ, ಆಯ್ಕೆ ಪಟ್ಟಿಗೆ, ಅದರ ಮೇಲೆ ಯಾರೋ ಕೋರ್ಟಿಗೆ ಹೋದರೆ ತೀರ್ಪಿಗೆ. ವರ್ಷಗಟ್ಟಲೆ ಓದಿದ್ದು ಫಲಿಸಿತೋ ಇಲ್ಲವೋ ಹೇಳುವವರು ಬೇರೆ ಯಾರೋ. ಬಟ್ಟೆಯ ಮೇಲಾದರೆ ಸರಿಯೂ ತಪ್ಪೂ ಆಗಲೇ ಕಣ್ಣೆದುರಿಗೆ ಬರುತ್ತವೆ, ತಿದ್ದುವುದೂ ತನ್ನ ಕೈಯಲ್ಲೇ. ಮೊಬೈಲು ನೋಡಿದರೂ ಹೊತ್ತು ಹೋಗುತ್ತದೆ ನಿಜ. ಆದರೆ ಅದನ್ನು ನೋಡುತ್ತಲೇ ಕಟ್‌ಆಫ್ ಎಷ್ಟಾದೀತೆಂದು ಚಿಂತಿಸಬಹುದು; ಎಳೆ ಎಣಿಸುವಾಗ ಅದು ಆಗದ ಮಾತು.

‘ಓದೂದು ಬಿಟ್ಟು ಇದೆಲ್ಲಾ ಯಾಕ?’ ಎಂದು ಮನೆಯಲ್ಲಿ ಗೊಣಗಾಟವಿದೆ. ಬಿಡುವಿದ್ದವರ ಕೆಲಸ ಎಂಬ ಭಾವನೆ. ಇಳಕಲ್ ಸೀರೆಗೆ, ಕುಪ್ಪಸಕ್ಕೆ, ಕೂಸಿನ ಕುಲಾವಿಗೆ ಕಸೂತಿ ಹಾಕಿದ ಹೆಂಗಸರಿಗೆ ಎಲ್ಲಿತ್ತು ಬಿಡುವು? ಒಲೆ ಆರಿಸಿ, ತೊಟ್ಟಿಲು ತೂಗಿ, ನಡುವೆ ಸಿಕ್ಕ ಅರೆಗಳಿಗೆಯಲ್ಲಿ ಅವರು ಸೂಜಿ ಹಿಡಿದರು. ದಂಡಿಯಾಗಿ ಕೆಲಸವಿದ್ದವರ ಕಲೆಯಿದು.

ಇನ್ನು ಕೆಲವರದು ಬೇರೆ ಉಪದೇಶ: ರೀಲ್ಸ್ ಮಾಡು, ಆರ್ಡರ್ ತಗೋ. ಕಸೂತಿಯನ್ನೇ ನೆಚ್ಚಿದವರಿಗೆ ಒಳ್ಳೆಯ ಬೆಲೆ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುವ ಹುಡುಗಿಯ ಬೆನ್ನಿಗೆ ಇನ್ನೊಂದು ಗಡುವು ಕಟ್ಟುವುದು ಬೇಡವೆಂದೇ ನನ್ನ ಹಟ.

ಈಗ ಅವಳಿಗೆ ಆನೆ ಹಾಕುವ ಆಸೆ. ಸೊಂಡಿಲಿನ ಹತ್ತಿರ ಎಣಿಕೆ ತೊಡಕಿನದು, ಪರೀಕ್ಷೆ ಮುಗಿಯಲಿ ಎಂದು ಅಜ್ಜಿ ಹೇಳಿದ್ದರು. ಪರೀಕ್ಷೆ ಮತ್ತೆ ಮುಂದಕ್ಕೆ ಹೋಗಿದೆ, ಆನೆ ಶುರುವಾಗಿದೆ.