ಮಾತಿಲ್ಲದವರ ‘ಹೌದು’

ತಲೆಬುರುಡೆ ತೆರೆಯದೆ ಮಿದುಳಿನ ಕೆಲಸವನ್ನು ನೋಡಬಹುದೇ? ಕಣ್ಣಿಗೆ ಕಾಣುವ ಕೆಂಪಿನ ಆಚೆಗೆ ಇರುವ ಒಂದು ಬಗೆಯ ಬೆಳಕು ಚರ್ಮ, ಮೂಳೆಗಳನ್ನು ದಾಟಿ ಸ್ವಲ್ಪ ಒಳಗೆ ಹೋಗುತ್ತದೆ. ಆಮ್ಲಜನಕ ಹೊತ್ತ ರಕ್ತ ಅದನ್ನು ಹೀರುವ ಬಗೆ ಬೇರೆ, ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಹೀರುವ ಬಗೆ ಬೇರೆ. ಮರಳಿ ಬಂದ ಬೆಳಕನ್ನು ಅಳೆದರೆ ಮಿದುಳಿನ ಮೇಲ್ಪದರದಲ್ಲಿ ಎಲ್ಲಿ ಕೆಲಸ ಹೆಚ್ಚಿದೆಯೆಂದು ಊಹಿಸಬಹುದು. 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ಇದಕ್ಕೆ ದಾರಿ ತೋರಿಸಿದರು. ಸಾಧನವನ್ನು ಟೋಪಿಯಂತೆ ತೊಡಿಸಿದರಾಯಿತು, ನೋವಿಲ್ಲ, ಹಸುಗೂಸುಗಳಿಗೂ ತೊಡಿಸುತ್ತಾರೆ.

ಆದರೆ ಅಳೆಯುವುದು ರಕ್ತವನ್ನು, ಮನಸ್ಸನ್ನಲ್ಲ.

2017ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು, ಎಎಲ್ಎಸ್ ಎಂಬ ನರರೋಗದಿಂದ ಮೈ ಪೂರ್ತಿ ಸ್ತಬ್ಧವಾಗಿದ್ದ ನಾಲ್ವರ ‘ಹೌದು’, ‘ಇಲ್ಲ’ಗಳನ್ನು ಈ ಬೆಳಕಿನಿಂದ ಓದಿದೆವೆಂದು ಬರೆದರು. ಸಂತೋಷವಾಗಿದ್ದೀರಾ ಎಂಬ ಪ್ರಶ್ನೆಗೂ ‘ಹೌದು’ ಬಂತೆಂದರು. ಅದನ್ನು ಓದಿ ಯಾರ ಮನಸ್ಸು ಕರಗದು! ಲೆಕ್ಕಾಚಾರದ ಬಗ್ಗೆ ಆಕ್ಷೇಪವೆದ್ದು, ತನಿಖೆಯೂ ನಡೆದು, 2019ರಲ್ಲಿ ‘ಪ್ಲಾಸ್ ಬಯಾಲಜಿ’ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು.

ಸಮಾಧಾನ ಕೊಡುವ ‘ಹೌದು’ ತಪ್ಪಾಗಿದ್ದರೂ ಇರಲಿ ಬಿಡಿ ಎನ್ನೋಣವೇ? ಬೇಡ. ನೋವಿನಲ್ಲಿರುವವರ ಹೆಸರಲ್ಲಿ ಸುಖವಾಗಿದ್ದೇನೆಂದು ಬೇರೊಬ್ಬರು ಹೇಳಿದರೆ, ಆ ನೋವನ್ನು ಮತ್ತೆ ಕೇಳುವವರಿಲ್ಲ. ಹಾಗೆಂದು ಉತ್ತರ ಸಿಗದವರು ಮನುಷ್ಯರಾಗಿ ಕಡಿಮೆಯಾಗುವುದೂ ಇಲ್ಲ. ಅವರ ಕೈ ಹಿಡಿದು ಕೂರಲು ಯಂತ್ರದ ಅಪ್ಪಣೆ ಬೇಡ.

ಯಂತ್ರವಿಲ್ಲದೆಯೂ ಇದು ನಡೆಯುತ್ತದೆ. ಹಾಸಿಗೆ ಹಿಡಿದ ಅಜ್ಜಿಯ ಪಕ್ಕದಲ್ಲೇ ನಿಂತು “ಅವರಿಗೆ ಇದೇ ಇಷ್ಟ” ಎಂದು ತೀರ್ಮಾನಿಸುತ್ತೇವೆ. ನಾಳೆ ಮಾತು ನಿಂತರೆ ಏನು ಮಾಡಬೇಕೆಂದು ಮೊದಲೇ ಕೇಳಹೋದವರಿಗೆ “ಬಿಡ್ತು ಅನ್ನು” ಎನ್ನುವುದು ನಮ್ಮ ಮನೆಗಳ ರೂಢಿ.