ಹಳದಿ ಶಂಖ, ಹಳದಿ ಲೆನ್ಸ್

ಕಾಮಾಲೆ ಹಿಡಿದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆಂಬುದು ಹಳೆಯ ಮಾತು. ಈ ಒಂದು ಉದಾಹರಣೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಬಿಡದೆ ಚರ್ಚಿಸಿದ್ದಾರೆ. ಶಂಖ ಬಿಳಿ, ಕಂಡದ್ದು ಹಳದಿ. ಹಾಗಾದರೆ ಆ ಹಳದಿ ಯಾರದು? ರಾಮಾನುಜರ ಉತ್ತರ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಹಳದಿ ಸುಳ್ಳಲ್ಲ, ಅದು ಕಣ್ಣಿನಲ್ಲಿರುವ ಪಿತ್ತದ್ದು. ಕಣ್ಣಿನ ಕಿರಣಗಳ ಜೊತೆ ಹೊರಟು ಶಂಖದ ಬಿಳುಪನ್ನು ಮುಚ್ಚಿಬಿಡುತ್ತದೆ. ಮಧ್ವರು ಇದನ್ನು ಬೇರೆ ತುದಿಯಿಂದ ಹಿಡಿದರು. ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಿಷಯವನ್ನು ಸೇರಿದರೆ ಮಾತ್ರ ಅದು ಪ್ರತ್ಯಕ್ಷ ಎಂದರು.

ಕಣ್ಣಿನಿಂದ ಕಿರಣ ಹೊರಡುತ್ತದೆಂಬ ಮಾತನ್ನು ಇಂದು ಯಾರೂ ಒಪ್ಪುವುದಿಲ್ಲ. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ, ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲೂಬಹುದು. ಜಪಾನಿನ ಅಸಾಹಿ ಕಂಪನಿ 1960ರ ದಶಕದಲ್ಲಿ ತಯಾರಿಸಿದ ಸೂಪರ್ ಟಕುಮಾರ್ 50 ಎಂಎಂ ಎಫ್/1.4 ಲೆನ್ಸಿನ ಏಳು ಗಾಜುಗಳ ಮಾದರಿಯಲ್ಲಿ ಥೋರಿಯಂ ಬೆರೆತ ಗಾಜಿದೆ. ಬೆಳಕು ಚೆನ್ನಾಗಿ ಬಾಗಬೇಕು, ಬಣ್ಣಗಳು ಮಾತ್ರ ಚದುರಬಾರದು ಎಂಬ ಬೇಡಿಕೆಯನ್ನು ಥೋರಿಯಂ ಪೂರೈಸಿತು. ಆದರೆ ಅದು ವಿಕಿರಣ ಸೂಸುವ ಧಾತು. ವರ್ಷಗಳು ಕಳೆದಂತೆ ಆ ವಿಕಿರಣವೇ ಗಾಜಿಗೆ ತಿಳಿಯಾದ ಚಹಾದ ಬಣ್ಣ ತಂದಿತು. ಈ ಕಾಮಾಲೆ ಹೊರಗಿನಿಂದ ಅಂಟಿದ್ದಲ್ಲ. ಲೆನ್ಸಿನ ಹೆಚ್ಚುಗಾರಿಕೆ ಯಾವುದರಿಂದ ಬಂತೋ ದೋಷವೂ ಅದರಿಂದಲೇ ಬಂತು.

ಈ ಲೆನ್ಸಿನ ಬೆನ್ನಿಗಿರುವುದು ಎಂ42 ತಿರುಪು. ವ್ಯಾಸ 42 ಮಿ.ಮೀ., ಒಂದು ಸುತ್ತಿಗೆ 1 ಮಿ.ಮೀ. ಒಳಗೆ ಹೋಗುತ್ತದೆ. 1949ರಲ್ಲಿ ಡ್ರೆಸ್ಡೆನ್‌ನ ಕಾಂಟ್ಯಾಕ್ಸ್ ಎಸ್ ಮತ್ತು ಪ್ರಾಕ್ಟಿಕಾ ಕ್ಯಾಮೆರಾಗಳೊಂದಿಗೆ ಬಂದ ಈ ತಿರುಪನ್ನು ಜಪಾನ್, ರಷ್ಯಾ ಎಲ್ಲೆಡೆ ಒಪ್ಪಿಕೊಂಡರು. 1975ರಲ್ಲಿ ಅಸಾಹಿಯೇ ಅದನ್ನು ಬಿಟ್ಟು ಕೆ ಮೌಂಟ್‌ಗೆ ಹೋಯಿತು. ಇಂದು ಅದೇ ಲೆನ್ಸನ್ನು ಸೋನಿಯ ಮಿರರ್‌ಲೆಸ್ ಕ್ಯಾಮೆರಾಗೆ ಹಾಕಬೇಕಾದರೆ ಮಧ್ಯೆ ಒಂದು ಅಡಾಪ್ಟರ್ ಬೇಕು. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ. ಎಂ42 ಲೆನ್ಸ್ ಫಿಲ್ಮಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು, ಸೋನಿಯ ಇ ಮೌಂಟ್ ಸೆನ್ಸರ್‌ನಿಂದ 18 ಮಿ.ಮೀ. ದೂರದಲ್ಲಿದೆ. ಉಳಿದ 27.46 ಮಿ.ಮೀ. ಜಾಗವನ್ನು ಕಾಯುವುದಷ್ಟೇ ಆ ಲೋಹದ ಬಳೆಯ ಕೆಲಸ.

ಹೀಗೆ ಜೋಡಿಸಿದಾಗ ನಡೆಯುವುದು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ವಿದ್ಯುತ್ ಸಂಪರ್ಕ ಇಲ್ಲದ ಕಾರಣ ಕ್ಯಾಮೆರಾ ತನಗೆ ಲೆನ್ಸೇ ಇಲ್ಲವೆಂದು ತಿಳಿಯುತ್ತದೆ. ಎಷ್ಟೋ ಮಾದರಿಗಳಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವಂತೆ ಮೆನುವಿನಲ್ಲಿ ಹೇಳಿಕೊಡಬೇಕು. ಆಮೇಲೆ ಚಿತ್ರ ಬರುತ್ತದೆ. ಯಾವುದರ ಮೂಲಕ ಕಂಡಿತೋ ಅದರ ಅರಿವು ಕ್ಯಾಮೆರಾಗೆ ಇರುವುದಿಲ್ಲ. ಆಟೋ ವೈಟ್ ಬ್ಯಾಲೆನ್ಸ್ ಇದ್ದರೆ ಹಳದಿಯನ್ನು ಬಹುಪಾಲು ಅಳಿಸಿಯೂ ಬಿಡುತ್ತದೆ. ಚಿತ್ರ ಸರಿಯಾಗಿಯೇ ಕಾಣುತ್ತದೆ, ಆದರೆ ಗಾಜು ನುಂಗಿದ ನೀಲಿ ಬೆಳಕು ಮರಳಿ ಬಂದಿರುವುದಿಲ್ಲ. ನೆರಳಿನ ಭಾಗದಲ್ಲಿ ನೀಲಿಯ ಕಾಳುಕಾಳು ಹೆಚ್ಚಿರುತ್ತದೆ.

ಮಧ್ವರ ಸಾಕ್ಷಿಯ ವಿಚಾರ ಇಲ್ಲಿಯೇ ಬೆಲೆ ಬಾಳುತ್ತದೆ. ಇಂದ್ರಿಯ ತಪ್ಪಬಹುದು, ಮನಸ್ಸೂ ತಪ್ಪಬಹುದು. ಅವು ತಂದ ಅರಿವು ನಂಬತಕ್ಕದ್ದೇ ಎಂದು ನಿರ್ಣಯಿಸುವುದು ಆತ್ಮದ್ದೇ ಆದ ಸಾಕ್ಷಿ. ಸಂಶಯ ಬಂದಾಗ ಅದಕ್ಕೆ ಪರೀಕ್ಷೆಯ ನೆರವು ಬೇಕು. ಹಳೆಯ ಲೆನ್ಸ್ ಕೊಂಡವರು ಮೊದಲು ಒಂದು ಬಿಳಿ ಕಾಗದದ ಮೇಲೆ ಅದನ್ನಿಟ್ಟು ಬೆಳಕಿನಲ್ಲಿ ನೋಡುತ್ತಾರಲ್ಲ, ಅದೂ ಅಂಥ ಪರೀಕ್ಷೆಯೇ. ಕಾಮಾಲೆಯವನಿಗೂ ತನ್ನ ಕಣ್ಣಿನ ಸ್ಥಿತಿ ಗೊತ್ತಿದ್ದರೆ ಶಂಖ ಹಳದಿಯಾಗಿ ಕಾಣುವುದು ನಿಲ್ಲುವುದಿಲ್ಲ, ಶಂಖ ಹಳದಿಯೆಂದು ನಂಬುವುದು ಮಾತ್ರ ನಿಲ್ಲುತ್ತದೆ. ಈ ವ್ಯತ್ಯಾಸ ಬಹಳ ದೊಡ್ಡದು.

ಹಾಗೆಂದು ದೋಷವೆಂಬುದೆಲ್ಲ ನೋಡುವವರ ಅಭಿರುಚಿಗೆ ಬಿಟ್ಟದ್ದು ಎಂದರೆ ಒಪ್ಪಲಾಗದು. ಹಳೆಯ ಲೆನ್ಸುಗಳ ಅಭಿಮಾನಿಗಳಲ್ಲಿ ಈ ಮಾತು ಸುಲಭವಾಗಿ ಚಲಾವಣೆಯಾಗುತ್ತದೆ, ಅದಕ್ಕೆ ಕಾರಣವೂ ಇದೆ. ರಷ್ಯಾದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ ಜರ್ಮನಿಯ ಜೈಸ್ ಬಯೋಟಾರ್ ವಿನ್ಯಾಸವನ್ನು ಆಧರಿಸಿ ಮಾಡಿದ ಹೀಲಿಯೊಸ್ 44ರಲ್ಲಿ ಹಿನ್ನೆಲೆಯ ಎಲೆಗಳೆಲ್ಲ ಮುಖದ ಸುತ್ತ ಸುಳಿಯಂತೆ ತಿರುಗುತ್ತವೆ. ಅಂಚಿನ ಬೆಳಕು ಲೆನ್ಸಿನ ಕೊಳವೆಗೆ ತಾಗಿ ಕತ್ತರಿಸಿಹೋಗುವುದು ಇದಕ್ಕೊಂದು ಕಾರಣ. ವಿನ್ಯಾಸದ ಮಿತಿಯಾಗಿದ್ದ ಈ ಸುಳಿಗಾಗಿಯೇ ಈಗ ಜನ ಆ ಲೆನ್ಸನ್ನು ಹುಡುಕಿ ಕೊಳ್ಳುತ್ತಾರೆ.

ಆದರೆ ಅಡಾಪ್ಟರ್‌ನ ಆ ಬಳೆಯ ದಪ್ಪವನ್ನು ನೋಡಿ. ಅದು 0.1 ಮಿ.ಮೀ. ಹೆಚ್ಚಾದರೆ ಸಾಕು, 50 ಎಂಎಂ ಲೆನ್ಸಿಗೆ ಸುಮಾರು 25 ಮೀಟರ್ ಆಚೆಯದು ಯಾವುದೂ ಸ್ಪಷ್ಟವಾಗುವುದಿಲ್ಲ. ನಿಕಾನ್‌ನ ಹಳೆಯ ಎಫ್ ಮೌಂಟ್‌ನ ದೂರವೇ 46.5 ಮಿ.ಮೀ., ಎಂ42ಗಿಂತ ಹೆಚ್ಚು. ಎಷ್ಟೇ ತೆಳುವಾದ ಅಡಾಪ್ಟರ್ ಹಾಕಿದರೂ ಅದೇ ಲೆನ್ಸಿನ ನೋಟ ಎರಡೂವರೆ ಮೀಟರ್ ಒಳಗೇ ನಿಲ್ಲುತ್ತದೆ. ಇದನ್ನು ಸರಿಪಡಿಸಲು ಕೆಲವು ಅಡಾಪ್ಟರ್‌ಗಳಲ್ಲಿ ಗಾಜನ್ನು ಸೇರಿಸುತ್ತಾರೆ. ಆಗ ಬೆಟ್ಟ ಕಾಣುತ್ತದೆ, ಆದರೆ ಆ ಗಾಜಿನ ಸ್ವಂತ ದೋಷಗಳೂ ಚಿತ್ರದೊಳಗೆ ಬರುತ್ತವೆ. ಬಣ್ಣದ ದೋಷವನ್ನು ತಿಳಿದು ತಿದ್ದಿಕೊಳ್ಳಬಹುದು, ಸುಳಿಯನ್ನು ಮೆಚ್ಚಬಹುದು. ಲೆನ್ಸ್ ಕೂರಬೇಕಾದ ದೂರ ತಪ್ಪಿದರೆ ತಿದ್ದಲು ದೂರದ ವಸ್ತುಗಳ ಸ್ಪಷ್ಟವಾದ ಚಿತ್ರವೇ ಉಳಿಯುವುದಿಲ್ಲ. ಇವೆರಡನ್ನೂ ದೋಷ ಎಂಬ ಒಂದೇ ಸಾಲಿನಲ್ಲಿ ಕೂರಿಸಬಾರದು.

ಹಳದಿಯ ಟಕುಮಾರ್‌ಗೆ ಚಿಕಿತ್ಸೆಯೂ ಇದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ದಿನ ಅಥವಾ ವಾರ ಇಟ್ಟರೆ, ಇಲ್ಲವೇ ಅತಿನೇರಳೆ ದೀಪದಡಿ ಇಟ್ಟರೆ ಗಾಜು ತಿಳಿಯಾಗುತ್ತದೆ. ಹೂವಿನ ಬಣ್ಣವನ್ನು ದಾಖಲಿಸುವ ಸಸ್ಯಶಾಸ್ತ್ರಜ್ಞರು ಇದನ್ನು ಮಾಡಲೇಬೇಕು. ಕಪ್ಪು-ಬಿಳುಪಿನಲ್ಲಿ ಆಕಾಶ ತೆಗೆಯುವವರು ಬಿಟ್ಟರೂ ನಡೆಯುತ್ತದೆ, ಅವರಿಗೆ ಅದು ಹಳದಿ ಫಿಲ್ಟರ್‌ನ ಕೆಲಸ ಮಾಡಿ ಮೋಡಗಳನ್ನು ಎತ್ತಿ ತೋರಿಸುತ್ತದೆ. ಥೋರಿಯಂನ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ತಿಳಿಯಾದ ಗಾಜಿನೊಳಗೂ ವಿಕಿರಣ ಮುಂದುವರಿಯುವುದರಿಂದ ವರ್ಷಗಳ ನಂತರ ಹಳದಿ ಮತ್ತೆ ಕೂಡುತ್ತದೆ, ಲೆನ್ಸನ್ನು ಮತ್ತೆ ಕಾಗದದ ಮೇಲಿಟ್ಟು ನೋಡಬೇಕಾಗುತ್ತದೆ.